ಗಾಡಿಗೆ ಸುತ್ತಿದ ಪಟ್ಟಿ

ನಮ್ಮ ಮನೆಯಲ್ಲಿ ಈಗ ಎಲ್ಲರೂ ಹೇಳುವ ಕತೆ ಹೀಗಿದೆ. ಚಿಕ್ಕಪ್ಪನ ಹಳೇ ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಪೈಪಿಗೆ ತಿಪಟೂರಿನ ಮೆಕ್ಯಾನಿಕ್ ಒಬ್ಬರು ಶಾಖ ತಡೆಯುವ ಪಟ್ಟಿ ಸುತ್ತಿದರು. ಸಡಿಲವಾಗಿ ಸುತ್ತಿದರು. ಪಟ್ಟಿ ಜಾರಿತು, ಕಾಲು ತಗುಲಿತು, ಸುಟ್ಟಿತು. ಗಾಯ ಕೆಟ್ಟಿತು. ತುಮಕೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ನೋಡಲು ಬಂದವರಿಗೆಲ್ಲ ಅಪ್ಪ ಇದನ್ನೇ ಹೇಳುತ್ತಾನೆ. ಕೊನೆಗೆ, "ಒಂದು ಪಟ್ಟಿ ನೆಟ್ಟಗೆ ಸುತ್ತಿದ್ರೆ ನನ್ ತಮ್ಮನ ಕಾಲು ಇರ್ತಿತ್ತು" ಅನ್ನುತ್ತಾನೆ. ಬಂದವರು ಲೊಚಗುಟ್ಟುತ್ತಾರೆ. ಅಷ್ಟರಲ್ಲಿ ಕಾಫಿ ಬರುತ್ತದೆ.

ಕತೆ ಚೆನ್ನಾಗಿದೆ. ಎಲ್ಲೂ ಎಡವುವುದಿಲ್ಲ. ತಪ್ಪು ಮಾಡಿದವರು ನಮ್ಮ ಮನೆಯವರಲ್ಲ, ನಮ್ಮ ಜನವೂ ಅಲ್ಲ, ಊರಾಚೆಯ ಸಾಬರು. ಆದ್ದರಿಂದ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು ಒಂದೇ ಪಾಠ: ಎದುರಿನವರ ಮಾತು ಎಲ್ಲಿ ತೀರಾ ನುಣ್ಣಗಿದೆಯೋ ಅಲ್ಲೇ ಉಗುರು ಹಾಕಿ ನೋಡು. ನೋಡಿದೆ. ನೋಡಿದ್ದಕ್ಕೆ ಮನೆಯಲ್ಲಿ ನನಗೆ 'ಲಾಯರಮ್ಮ' ಅಂತ ಹೆಸರು. ಲಾ ಓದುತ್ತಿರುವುದು ನಿಜ, ಆದರೆ ಅವರು ಕರೆಯುವುದು ಅದಕ್ಕಲ್ಲ.

ವಾದ ಗೆದ್ದು ಆಗಬೇಕಾದ್ದೇನೂ ಇಲ್ಲ. ಬಲಗಾಲು ಹೋಯಿತು, ಯಾರು ಗೆದ್ದರೂ ಅದು ವಾಪಸ್ ಬರುವುದಿಲ್ಲ. ಆದರೆ ಚಿಕ್ಕಪ್ಪನಿಗೆ ಇನ್ನೊಂದು ಕಾಲಿದೆ. ತಪ್ಪೆಲ್ಲ ಪಟ್ಟಿಯದು ಅಂತ ನಂಬಿಕೊಂಡ ಮನೆಯಲ್ಲಿ ಆ ಎಡಗಾಲನ್ನು ಒಬ್ಬರೂ ಬಗ್ಗಿ ನೋಡುತ್ತಿಲ್ಲ. ಇದನ್ನು ಬರೆಯುತ್ತಿರುವುದು ಆ ಎಡಗಾಲಿಗೋಸ್ಕರ.

ನಮ್ಮದು ತಿಪಟೂರು ತಾಲ್ಲೂಕು, ಕಿಬ್ಬನಹಳ್ಳಿಯಿಂದ ಸ್ವಲ್ಪ ಒಳಗೆ. ಮನೆಯ ಮುಂದೆ ಅಂಗಳ, ಅಂಗಳದಾಚೆ ಕೊಬ್ಬರಿ ಶೆಡ್ಡು, ಶೆಡ್ಡಿನ ಆಚೆ ತೋಟ. ಅಪ್ಪ, ಚಿಕ್ಕಪ್ಪ ಪಾಲಾಗದೆ ಒಂದೇ ಮನೆಯಲ್ಲಿದ್ದಾರೆ. ಅಪ್ಪ ಕೊಬ್ಬರಿ ನೋಡುವವನು, ಚಿಕ್ಕಪ್ಪ ಓಡಾಡುವವನು. ಮಾರ್ಕೆಟ್ಟು, ಪಂಪಿನ ರಿಪೇರಿ, ಕಾಯಿ ಕೆಡವುವವರನ್ನು ಹಂದನಕೆರೆ ಕಡೆಯಿಂದ ಕರೆತರುವುದು, ಎಲ್ಲ ಅವನದು. ಓಡಾಟಕ್ಕೆ ಆ ಗಾಡಿ. ಮೈಸೂರಿನಲ್ಲೇ ಮಾಡುತ್ತಿದ್ದ ಹಳೇ ಟು-ಸ್ಟ್ರೋಕ್ ಗಾಡಿ, ತಾತ ಕೊಂಡಿದ್ದು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು, ಎಡಕ್ಕೊಂದು ಬಲಕ್ಕೊಂದು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಗೇರಾಗುತ್ತದೆ, ಅದು ಎಡಗಾಲಿಗೆ. ಬ್ರೇಕು ಬಲಗಾಲಿಗೆ. ರಸ್ತೆಯ ತಿರುವಿನಲ್ಲಿ ಅದರ ಸದ್ದು ಕೇಳಿದರೆ ಚಿಕ್ಕಮ್ಮ ಮುದ್ದೆಗೆ ಎಸರಿಡುತ್ತಿದ್ದಳು.

ಪೇಟೆಯ ಹುಡುಗರು ಅಂಥ ಗಾಡಿಗಳನ್ನು ಒರೆಸಿ ಹೊಳಪು ಕೊಟ್ಟು ಭಾನುವಾರ ಮೆರವಣಿಗೆ ಹೊರಡುತ್ತಾರೆ. ಚಿಕ್ಕಪ್ಪನಿಗೆ ಆ ಶೋಕಿ ಇರಲಿಲ್ಲ. ಅವನಿಗದು ಎತ್ತಿನ ಹಾಗೆ: ಮೈ ತಿಕ್ಕಬೇಕಾದಾಗ ತಿಕ್ಕುವುದು, ಉಳಿದಂತೆ ಕೆಲಸ. ಮದುವೆಗೂ ಅದರಲ್ಲೇ, ಮದುವೆಗೂ ಹವಾಯಿ ಚಪ್ಪಲಿಯಲ್ಲೇ.

ಮನೆಯ ಕತೆಯಲ್ಲಿ ಬಿಟ್ಟುಹೋಗಿರುವ ಮೊದಲನೇ ವಿಷಯ ಈ ಚಪ್ಪಲಿಯದು. ಪಟ್ಟಿ ಸುತ್ತಿಸುವುದಕ್ಕೆ ಮುಂಚೆ, ಇನ್ನೂ ಬಿಸಿಲುಗಾಲ ಇರುವಾಗಲೇ, ಚಿಕ್ಕಪ್ಪ ಇದ್ದಕ್ಕಿದ್ದಂತೆ ಕಾಲುಚೀಲ ಹಾಕತೊಡಗಿದ್ದ. ಕಾಲುಚೀಲ, ಮೇಲೆ ಕರೀ ಶೂ. ಅದರಲ್ಲೇ ತೋಟಕ್ಕೆ. ನಾವು ನಕ್ಕು ಸುಸ್ತಾದೆವು. ಮದುಮಗ ಯಾವ ಊರಿಗೆ ಹೊರಟ ಅಂತ ಅಪ್ಪ ಕೇಳುತ್ತಿದ್ದ. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಈ ಸೋಗು ಅಂತ ಚಿಕ್ಕಮ್ಮ. ತೋಟದಲ್ಲಿ ನೆಗ್ಗಿಲು ಮುಳ್ಳು ಜಾಸ್ತಿಯಾಗಿದೆ ಅಂತ ಅವನ ಉತ್ತರ. ನೆಗ್ಗಿಲು ಮುಳ್ಳು ನಮ್ಮ ತೋಟದಲ್ಲಿ ತಾತನ ಕಾಲದಿಂದ ಇದೆ. ಆಗ ಯಾರೂ ಇದನ್ನು ಅವನಿಗೆ ಹೇಳಲಿಲ್ಲ. ನಗುವಾಗ ಯಾರು ಸಾಕ್ಷ್ಯ ಕೇಳುತ್ತಾರೆ?

ಅವನಿಗೆ ಶುಗರ್ ಇತ್ತು. ಅದು ಗುಟ್ಟೇನಲ್ಲ. ಮಾತ್ರೆಯೂ ಇತ್ತು, ದೇವರ ಗೂಡಿನ ಪಕ್ಕದಲ್ಲಿ. ನೆನಪಾದ ದಿನ ನುಂಗುತ್ತಿದ್ದ. ಮುದ್ದೆ ತಿನ್ನೋ ಮೈಗೆ ಶುಗರ್ ಏನು ಮಾಡ್ತದೆ ಅನ್ನುವುದು ನಮ್ಮ ಸೀಮೆಯ ಸಿದ್ಧಾಂತ. ಇದಕ್ಕೆ ಆಧಾರ ಕೇಳಿದರೆ, ತಾತ ಮುದ್ದೆ ತಿಂದು ಗಟ್ಟಿಯಾಗಿದ್ದ ಅನ್ನುತ್ತಾರೆ. ತಾತನಿಗೆ ಶುಗರ್ ಇರಲಿಲ್ಲ.

ಪಟ್ಟಿ ಸುತ್ತಿದ್ದು ಒಂದು ಭಾನುವಾರ ಬೆಳಿಗ್ಗೆ, ನಮ್ಮ ಅಂಗಳದಲ್ಲೇ. ಮೆಕ್ಯಾನಿಕ್ ತಿಪಟೂರಿನಿಂದ ಬಂದಿದ್ದರು. ತಾತನ ಕಾಲದಲ್ಲಿ ಅವರ ತಂದೆಯೇ ಆ ಗಾಡಿ ನೋಡುತ್ತಿದ್ದವರು. ಅಪ್ಪ ಅವರನ್ನು ಸಾಬ್ರೇ ಅನ್ನುತ್ತಿದ್ದ, ಚಿಕ್ಕಪ್ಪ ಭಾಯ್ ಅನ್ನುತ್ತಿದ್ದ. ಅವರು ತಂದಿದ್ದು ಕೈಯಗಲಕ್ಕಿಂತ ಸಣ್ಣ ಬಿಳಿ ಪಟ್ಟಿಯ ಸುರುಳಿ. ನೋಡಿದರೆ ಬಟ್ಟೆ, ಮುಟ್ಟಿದರೆ ಗಾಜಿನ ನೂಲು. ಸಂಜೆಯವರೆಗೂ ಕೈ ಕೆರೆಯುತ್ತದೆ, ಮುಟ್ಟಬೇಡಮ್ಮ ಅಂದರು. ಸುತ್ತುವ ಮುಂಚೆ ಅದನ್ನು ನೆನೆಹಾಕಬೇಕಂತೆ. ಚಿಕ್ಕಮ್ಮ ಬಚ್ಚಲಿನಿಂದ ಬಕೆಟ್ ತಂದುಕೊಟ್ಟಳು. ನೆನೆದ ಪಟ್ಟಿಯನ್ನು ಎಳೆದು ಎಳೆದು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತಿನ ಅಂಚು ಕೂರುವ ಹಾಗೆ ಸುತ್ತಿ, ತುದಿಗೆ ಸ್ಟೀಲಿನ ಕ್ಲಿಪ್ಪು ಬಿಗಿದರೆ, ಪೈಪು ಕಾದಾಗ ಒಣಗಿ ಕಚ್ಚಿಕೊಳ್ಳುತ್ತದೆ.

ಅಪ್ಪ ಜಗಲಿಯ ಮೇಲೆ ಕೂತು ಎಲ್ಲ ನೋಡುತ್ತಿದ್ದ. "ಇದಕ್ಕೆ ಪೇಟೆಯಿಂದ ಪಟ್ಟಿ ಯಾಕೆ ಸಾಬ್ರೇ? ನಮ್ಮನೇಲಿ ನಾರಿಗೇನು ಬರವಾ? ಹುರಿ ಹೊಸೆದು ಸುತ್ತಬುಡಿ."

"ನಾರು ಸುತ್ತಿದ್ರೆ ಗಾಡಿ ಇರಲ್ಲ ಯಜಮಾನ್ರೇ, ಒಲೆ ಆಗ್ತದೆ," ಅಂದರು ಅವರು, ತಲೆಯೆತ್ತದೆ. "ಮುದ್ದೆಗೆ ಎಸರು ಅದರ ಮೇಲೇ ಇಡಬಹುದು."

ಪಟ್ಟಿ ಯಾಕೆ ಬೇಕಾಯಿತು ಅನ್ನುವುದಕ್ಕೆ ಅಂದು ಚಿಕ್ಕಪ್ಪ ಕೊಟ್ಟ ಕಾರಣ ಚಿಕ್ಕಮ್ಮನ ಸೀರೆ. ಹಿಂದೆ ಕೂತರೆ ಅಂಚು ಸುಡುತ್ತದೆ ಅಂತ. ಕಾರಣವನ್ನು ಎಲ್ಲರೂ ಒಪ್ಪಿದರು, ಚಿಕ್ಕಮ್ಮನೂ ಒಪ್ಪಿದಳು. ಈಗ ಯೋಚಿಸಿ. ಬೆನ್ನು ನೋವು ಬಂದಾಗಿನಿಂದ ಚಿಕ್ಕಮ್ಮ ಆ ಗಾಡಿ ಹತ್ತಿಲ್ಲ. ತಿಪಟೂರಿಗೆ ಅವಳು ಹೋಗುವುದು ಬಸ್ಸಿನಲ್ಲಿ. ಒಂದು ವೇಳೆ ಹತ್ತಿದರೂ, ಸೀರೆ ಸುಡುವುದು ಹಿಂದೆ, ಸೈಲೆನ್ಸರಿನ ದಪ್ಪ ಕೊಳವೆಗೆ. ಪಟ್ಟಿ ಸುತ್ತಿದ್ದು ಮುಂದೆ, ಎಂಜಿನ್ನಿಂದ ಬಗ್ಗಿ ಇಳಿದು ಸವಾರನ ಕಾಲ ಕೆಳಗೆ ಹಾದುಹೋಗುವ ಪೈಪಿಗೆ. ಗಾಡಿಯ ಮೇಲೆ ಹೆಂಗಸು ಹೇಗೆ ಕೂರುತ್ತಾಳೆ ಅಂತ ಗೊತ್ತಿರುವ ಯಾರೂ ಈ ಕಾರಣವನ್ನು ಒಪ್ಪಬಾರದಿತ್ತು.

ಸುತ್ತುವ ಮುಂಚೆ ಪೈಪನ್ನು ಉಜ್ಜಿ ಹಸನು ಮಾಡಬೇಕು. ಬಲಗಡೆಯ ಪೈಪಿನ ಮೇಲೆ ಕರ್ರಗೆ ಏನೋ ಹತ್ತಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಬ್ಲೇಡಿನಲ್ಲಿ ಕೆರೆಯತೊಡಗಿದರು. ಚಿಕ್ಕಪ್ಪ ನನಗೂ ಗಾಡಿಗೂ ನಡುವೆ ಬಂದು ನಿಂತ. ಭಾಯಿಗೆ ಟೀ ತಗಂಬಾ ಮಗಾ ಅಂದ. ನಾನು ಒಳಗೆ ಹೋದೆ. ಟೀ ತಂದಾಗ ಪೈಪು ಬೆಳ್ಳಗಿತ್ತು.

ಆಮೇಲೆ ಒಂದು ಸಣ್ಣ ತಕರಾರಾಯಿತು. ಶಾಖ ಜಾಸ್ತಿ ಇರುವುದು ಮೇಲಿನ ಬಾಗಿನಲ್ಲಿ, ಅಲ್ಲಿಗೆ ಸುತ್ತಿದರೆ ಸಾಕು ಅಂದರು ಮೆಕ್ಯಾನಿಕ್. ಬಲಗಡೆ ಕಾಲಿಡುವ ಜಾಗ ದಾಟುವವರೆಗೂ ಬರಲಿ ಅಂದ ಚಿಕ್ಕಪ್ಪ. ಅಷ್ಟುದ್ದ ಸುತ್ತಿದರೆ ಎಡಗಡೆಗೆ ಪಟ್ಟಿ ಸಾಲುವುದಿಲ್ಲ. ಸಾಲದಿದ್ದರೆ ಬೇಡ ಅಂದ ಚಿಕ್ಕಪ್ಪ. ಹಾಗೇ ಆಯಿತು. ಬಲಗಡೆ ಕೆಳಗಿನವರೆಗೂ, ಎಡಗಡೆ ಬಾಗಿಗೆ ಮಾತ್ರ. ಗಾಡಿ ಒಂದು ಕಾಲಿಗೆ ಮೊಣಕಾಲುದ್ದದ, ಇನ್ನೊಂದಕ್ಕೆ ಗಿಡ್ಡದ ಕಾಲುಚೀಲ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಕಾಲುಚೀಲ ಅನ್ನುವ ಮಾತು ನನಗೆ ಅಲ್ಲೇ ಹೊಳೆಯಿತು, ಹೇಳಿ ನಕ್ಕೆ ಕೂಡ. ಚಿಕ್ಕಪ್ಪ ನಗಲಿಲ್ಲ.

ಹೋಗುವಾಗ ಮೆಕ್ಯಾನಿಕ್ ಒಂದು ಮಾತು ಹೇಳಿದ್ದರು. ಮಳೆಯಲ್ಲಿ ಓಡಿಸಿದರೆ ಪಟ್ಟಿಯೊಳಗೆ ನೀರು ನಿಲ್ಲುತ್ತದೆ, ಒಳಗೊಳಗೇ ಪೈಪು ತುಕ್ಕು ತಿನ್ನುತ್ತದೆ, ಮೇಲೆ ಏನೂ ಗೊತ್ತಾಗಲ್ಲ. ಆಗಾಗ ಬಿಚ್ಚಿ ನೋಡ್ತಿರಬೇಕು ಅಂತ. ಹೂಂ ಅಂದ ಚಿಕ್ಕಪ್ಪ ಕಿಕ್ ಹೊಡೆದ. ಪಟ್ಟಿಯಿಂದ ಹೊಗೆ ಎದ್ದಿತು, ಮೊದಲ ಸಲ ಹಾಗೇ ಬರುವುದಂತೆ.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಚಿಕ್ಕಮ್ಮ ನಡುಮನೆ ಒರೆಸುತ್ತಿದ್ದಳು. ನಮ್ಮದು ಕೆಂಪು ಗಾರೆಯ ನೆಲ. ಒದ್ದೆ ಬಿದ್ದರೆ ತಕ್ಷಣ ಕಾಣುತ್ತದೆ. ಮಂಚದಿಂದ ಬಾಗಿಲಿನವರೆಗೆ ಬಲಗಾಲಿನ ಗುರುತು, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ. ಎಳನೀರು ತುಳಿದುಕೊಂಡು ಬಂದಿದ್ದಾರೆ ಅಂದುಕೊಂಡಳು. ಒರೆಸಿದರೆ ಅಂಟು. ಹೋಗಿ ಅವನ ಕಾಲುಚೀಲ ಬಿಚ್ಚಿಸಿದಳು. ನಾನು ಬಸ್ಸಿಗೆ ಹೊರಟವಳು ಬಾಗಿಲಲ್ಲೇ ನಿಂತೆ.

ಅಂಗಾಲಿನ ಹೊರ ಅಂಚಿನಲ್ಲಿ, ಕಿರುಬೆರಳಿನ ಬುಡಕ್ಕೆ, ತೂತು. ಗಾಯ ಅಂದರೆ ನಮಗೆ ಕೆಂಪು, ರಕ್ತ, ಬಾವು. ಇದು ಹಾಗಿರಲಿಲ್ಲ. ಅಂಚು ಬಿಳಿಚಿಕೊಂಡು ದಪ್ಪಗಟ್ಟಿತ್ತು, ಒಳಗೆ ಬೂದು ಬಣ್ಣ. ನೋಡಿದರೆ ಹಳೆಯದು ಅನಿಸುತ್ತಿತ್ತು.

"ಇದು ಯಾವಾಗಿಂದ ರೀ?" ಅಂದಳು ಚಿಕ್ಕಮ್ಮ.

"ಮೊನ್ನೆ ಸೈಲೆನ್ಸರ್ ತಗುಲ್ತು ಕಣೇ. ಪಟ್ಟಿ ಸಡ್ಲ ಆಗಿತ್ತು ಅಂತ ಕಾಣ್ತದೆ."

ಗಮನಿಸಿ. ಮನೆಯ ಕತೆಯ ಮೊದಲ ಸಾಲು ಹುಟ್ಟಿದ್ದು ಇಲ್ಲಿ. ಅದನ್ನು ಹೇಳಿದ್ದು ಅಪ್ಪ ಅಲ್ಲ, ಚಿಕ್ಕಪ್ಪ. ಅಪ್ಪ ಆಮೇಲೆ ಅದನ್ನು ಬೆಳೆಸಿದ ಅಷ್ಟೇ.

ಸುಟ್ಟ ಗಾಯ ಅಂದಮೇಲೆ ಕೊಬ್ಬರಿ ಎಣ್ಣೆ. ಬೇರೆ ಏನು ಹಚ್ಚುತ್ತೇವೆ ನಾವು? ಎರಡು ದಿನ ಎಣ್ಣೆಯಾದ ಮೇಲೆ ತಿಪಟೂರಿನ ಡಾಕ್ಟರ ಹತ್ತಿರ ಹೋದರು. ಅವರು ತೊಳೆದು ಪಟ್ಟಿ ಕಟ್ಟಿದರು, ಶುಗರ್ ನೋಡಿ ಮುಖ ಗಂಟಿಕ್ಕಿದರು, ತಡ ಮಾಡದೆ ತುಮಕೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು, ಕಾಲನ್ನು ಒದ್ದೆ ಮಾಡಬೇಡಿ ಅಂದರು. ಮನೆಗೆ ಬಂದು ಮುಟ್ಟಿದ್ದು ಕೊನೆಯ ಮಾತು ಮಾತ್ರ. ಒದ್ದೆ ಮಾಡಬಾರದು. ಅಂದರೆ ಒಣಗಬೇಕು. ಒಣಗಿಸುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತೇವೆ. ತಿಂಗಳುಗಟ್ಟಲೆ ಅದು ಅಲ್ಲಿ ತಾನೇ ತಾನಾಗಿ ಒಣಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನುವವರೆಗೆ ಕಾಯಬೇಕು. ಆತುರ ಮಾಡಿ ಒಡೆದರೆ ಕೌಟು ವಾಸನೆ, ಮಾರ್ಕೆಟ್ಟಿನಲ್ಲಿ ಮರ್ಯಾದೆ ಇಲ್ಲ. ಅಪ್ಪ ಕೊಬ್ಬರಿಯನ್ನು ಉಗುರಿನಲ್ಲಿ ಬಡಿದು, ಸದ್ದಿನ ಮೇಲೆ ಒಣಗಿದೆಯೋ ಇಲ್ಲವೋ ಹೇಳುತ್ತಾನೆ. ನಮ್ಮ ಬಾಯಲ್ಲಿ 'ಒಣಗಿದೆ' ಅನ್ನುವುದಕ್ಕಿಂತ ಒಳ್ಳೆಯ ಮಾತು ಇಲ್ಲ. ಬಟ್ಟೆ ಒಣಗಿದೆ, ರಾಗಿ ಒಣಗಿದೆ, ಕೊಬ್ಬರಿ ಒಣಗಿದೆ, ಗಾಯ ಒಣಗಿದೆ.

ಚಿಕ್ಕಪ್ಪನ ಕಿರುಬೆರಳು ಕಪ್ಪಾಯಿತು. ಬಾವಿಲ್ಲ, ಕೀವಿಲ್ಲ, ರಕ್ತವಿಲ್ಲ. ಕಪ್ಪಾಗಿ, ಸುಕ್ಕಾಗಿ, ಗಟ್ಟಿಯಾಯಿತು. ಒಂದು ಮಧ್ಯಾಹ್ನ ಅಪ್ಪ ಅವನ ಎದುರು ಕುಕ್ಕರುಗಾಲಲ್ಲಿ ಕೂತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಆ ಬೆರಳನ್ನು ಉಗುರಿನಲ್ಲಿ ಬಡಿದ. ಟಕ್ ಟಕ್ ಅಂದಿತು. ಅಪ್ಪನ ಮುಖ ಸಡಿಲವಾಯಿತು.

"ಒಣಗ್ತಾ ಇದೆ ಬುಡು."

ಕೊಬ್ಬರಿ ಒಣಗಿದರೆ ಒಳ್ಳೆಯದು, ಬದುಕಿರುವವನ ಬೆರಳು ಒಣಗಬಾರದು ಅಂತ ನಾನು ಹೇಳಿದೆ. ಒಳಗೆ ರಕ್ತ ಹರಿಯುತ್ತಿದ್ದರೆ ಅದು ಯಾಕೆ ಒಣಗುತ್ತದೆ ಅಂತ ಕೇಳಿದೆ. ನಾಳೆಯೇ ತುಮಕೂರಿಗೆ ಹೋಗೋಣ, ನಾನು ಕಾಲೇಜಿಗೆ ಹೊರಡುವಾಗ ಜೊತೆಗೇ ಬಾ ಅಂತ ಚಿಕ್ಕಪ್ಪನಿಗೆ ಅಂದೆ. ಇದೇನು ನಿನ್ನ ಕಾಲೇಜಿನ ಸ್ಟೇಜಾ ಅಂದ ಅಪ್ಪ. ನೋವಿದ್ದರಲ್ಲವಾ ಡಾಕ್ಟರು, ಅವನನ್ನೇ ಕೇಳು ಅಂದ. ಕೇಳಿದೆ. ಒಂಚೂರೂ ನೋವಿಲ್ಲ ಕಣವ್ವ ಅಂದ ಚಿಕ್ಕಪ್ಪ. ಅಲ್ಲಿಗೆ ಮುಗಿಯಿತು. ನೋವಿಲ್ಲ ಅನ್ನುವುದೇ ಭಯಪಡಬೇಕಾದ ಸಂಗತಿ ಅಂತ ಕೂಗಿ ಹೇಳಿದೆ. ಸ್ಪರ್ಧೆಯಲ್ಲಾದರೆ ಆ ಮಾತಿಗೆ ಅಂಕ ಸಿಗುತ್ತಿತ್ತು. ಇಲ್ಲಿ ಚಿಕ್ಕಮ್ಮ ಕಣ್ಣಿಂದಲೇ ನನ್ನನ್ನು ಸುಮ್ಮನಿರಿಸಿದಳು. ಅರಳಗುಪ್ಪೆಯಿಂದ ಬಂದ ಅವಳ ಅಣ್ಣ, ತೋಟದ ಕೆಲಸದವರು, ನೋಡಿದವರೆಲ್ಲ ಬಗ್ಗಿ ನೋಡಿ ಅದನ್ನೇ ಅಂದರು. ಒಣಗ್ತಾ ಇದೆ. ಎಲ್ಲರೂ ಕೊಬ್ಬರಿಯವರೇ. ಅಷ್ಟೂ ಜನಕ್ಕೆ ಒಂದೇ ಕಣ್ಣು.

ಅಷ್ಟು ದಿನವೂ ಅವನು ಗಾಡಿ ಓಡಿಸುತ್ತಿದ್ದ. ಕಾಲಿನ ಪಟ್ಟಿಯ ಮೇಲೆ ಕಾಲುಚೀಲ, ಅದರ ಕೆಳಗೆ ಗಾಡಿಯ ಪಟ್ಟಿ.

ವಾಸನೆ ಮೊದಲು ಬಂದದ್ದು ಚಿಕ್ಕಮ್ಮನಿಗೆ. ಶೆಡ್ಡಿನಲ್ಲಿ ಯಾವುದೋ ಕಾಯಿ ಕೊಳೆತಿದೆ ಅಂತ ಅಟ್ಟವನ್ನೆಲ್ಲ ಹುಡುಕಿಸಿದಳು. ಕೊಳೆತ ಕಾಯಿ ಸಿಗಲಿಲ್ಲ. ಮರುದಿನ ಚಿಕ್ಕಪ್ಪನಿಗೆ ಚಳಿಜ್ವರ, ಮಾತು ಅಡ್ಡಾದಿಡ್ಡಿ. ಕಪ್ಪು ಬೆರಳಿನಿಂದ ಮೇಲಕ್ಕೆ ಪಾದವೆಲ್ಲ ಊದಿ ಮಿರಮಿರ ಅನ್ನುತ್ತಿತ್ತು. ತುಮಕೂರಿನಲ್ಲಿ ಪಟ್ಟಿ ಬಿಚ್ಚಿದ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಆಮೇಲೆ ಅಪ್ಪನನ್ನು ಹೊರಗೆ ಕರೆದರು. ಬೆರಳು ಅಂತ ಶುರುವಾದ ಮಾತು ಸಂಜೆಗೆ ಪಾದ ಆಯಿತು, ಮರುದಿನ ಬೆಳಿಗ್ಗೆ ಮೊಣಕಾಲಿನ ಕೆಳಗೆ ಆಯಿತು. ತೆಗೆದ ಮೇಲೆ ಅದನ್ನು ಏನು ಮಾಡುತ್ತೀರಿ ಅಂತ ಆಸ್ಪತ್ರೆಯವರು ಕೇಳಿದಾಗ ಅಪ್ಪ ಗೋಡೆಗೆ ಒರಗಿಕೊಂಡು ನೆಲದಲ್ಲಿ ಕೂತುಬಿಟ್ಟ.

ಆ ವಾರ್ಡಿನಲ್ಲಿ ನಾನು ಕಂಡ ಒಂದು ವಿಷಯವನ್ನು ಇನ್ನೂ ಯಾರಿಗೂ ಸರಿಯಾಗಿ ಒಪ್ಪಿಸಲು ಆಗಿಲ್ಲ. ಆಪರೇಷನ್ ಆಗಿ ಕೆಲವು ದಿನಗಳಾಗಿದ್ದವು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಚಿಕ್ಕಪ್ಪನ ಎಡಗಾಲನ್ನು ಪರೀಕ್ಷೆ ಮಾಡಲು ಬಂದರು. ಕೈಯಲ್ಲಿ ಮೀನಿನ ಗಾಳದ ದಾರದಂಥ ಎಳೆ. ಕಣ್ಣು ಮುಚ್ಚಿ, ನಾನು ಮುಟ್ಟಿದಾಗ ಹೇಳಿ ಅಂದರು. ಚಿಕ್ಕಪ್ಪ ಕಣ್ಣು ಮುಚ್ಚಿದ. ಪೂರ್ತಿ ಮುಚ್ಚಲಿಲ್ಲ. ಮಂಚದ ತಲೆದೆಸೆಯಲ್ಲಿದ್ದ ನನಗೆ ಅವನ ರೆಪ್ಪೆಯ ಸಂದು ಕಾಣುತ್ತಿತ್ತು. ಡಾಕ್ಟರು ಬಗ್ಗಿದಾಗಲೆಲ್ಲ ಹೂಂ ಅಂದ. ಒಂದು ಸಲ ಅವರು ದಾರ ಕೆಳಗೆ ಬಿತ್ತೆಂದು ಬಗ್ಗಿದರು. ಆಗಲೂ ಹೂಂ ಅಂದ. ಅವರು ಗಮನಿಸಲಿಲ್ಲ. ಪಕ್ಕದ ಮಂಚದಲ್ಲಿ ಯಾರೋ ನರಳುತ್ತಿದ್ದರು, ಅತ್ತ ಓಡಿದರು. ಓಡುವ ಮುಂಚೆ, ಎಡಗಾಲನ್ನು ದಿನಾ ನೋಡ್ತಿರಿ ಅಂತ ಹೇಳಿ ಹೋದರು.

ದಿನಾ ನೋಡ್ತಿರಿ. ಬಿಚ್ಚಿ ನೋಡ್ತಿರಬೇಕು. ಈ ಮಾತನ್ನು ನಮಗೆ ಒಬ್ಬರು ಮೊದಲೇ ಹೇಳಿದ್ದರು, ಪೈಪಿನ ವಿಷಯದಲ್ಲಿ.

ಮನೆಗೆ ಬಂದ ವಾರದಲ್ಲೇ ಅಪ್ಪ ತಿಪಟೂರಿಗೆ ಹೋಗಿ ಮೆಕ್ಯಾನಿಕ್ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದು ಬಂದ. ಗಿರಾಕಿಗಳ ಮುಂದೆ ಬೈದನಂತೆ. ಅವರು ತಿರುಗಿ ಒಂದು ಮಾತು ಆಡಲಿಲ್ಲವಂತೆ. ತಪ್ಪಿಲ್ಲದಿದ್ದರೆ ಸುಮ್ಮನೆ ಇರ್ತಿದ್ದನಾ ಅಂತ ಅಪ್ಪನ ತರ್ಕ. ಮೌನವನ್ನು ಒಪ್ಪಿಗೆ ಅಂತ ಎಣಿಸುವುದು ಸೋಲುವವರ ತರ್ಕ, ಆದರೆ ಊರಿನಲ್ಲಿ ಅದೇ ಗೆಲ್ಲುತ್ತದೆ. ನಮ್ಮ ಕಡೆಯವರು ಹಲವರು ಅವರ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ನಾನು ಶೆಡ್ಡಿಗೆ ಹೋದೆ. ಗಾಡಿ ಅಟ್ಟದ ಕೆಳಗೆ, ಮಟ್ಟೆಯ ರಾಶಿಗೆ ಒರಗಿ ನಿಂತಿತ್ತು. ಕತ್ತರಿ, ಕಟಿಂಗ್ ಪ್ಲೇಯರ್ ತೆಗೆದುಕೊಂಡು ಬಲಗಡೆಯ ಪಟ್ಟಿ ಬಿಚ್ಚಲು ಕೂತೆ. ಸಡಿಲ ಪಟ್ಟಿ ಅಂತ ತಾನೇ ಕತೆ? ಕ್ಲಿಪ್ಪುಗಳು ಕಚ್ಚಿಕೊಂಡಿದ್ದವು, ಪ್ಲೇಯರಿಗೂ ಜಗ್ಗಲಿಲ್ಲ. ಪಟ್ಟಿ ಪೈಪಿಗೆ ಚರ್ಮವಾಗಿತ್ತು. ಒಂದು ಸುತ್ತೂ ಜಾರಿರಲಿಲ್ಲ. ಕತ್ತರಿಸಿ, ಸಿಗಿದು ತೆಗೆದೆ. ಕೆಳಗೆ ಪೈಪು ಕಂದಾಗಿ ತುಕ್ಕು ತಿಂದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಚಕ್ಕೆ ಏಳುತ್ತಿತ್ತು. ಎರಡು ದಿನ ನನ್ನ ಕೈ ಕೆರೆಯಿತು.

ಮರುದಿನ ಕಾಲೇಜಿನಿಂದ ಬರುವಾಗ ಕಿಬ್ಬನಹಳ್ಳಿಯಲ್ಲಿ ಇಳಿಯದೆ, ತಿಪಟೂರಿನವರೆಗೂ ಬಸ್ಸಿನಲ್ಲೇ ಕೂತು, ಮೆಕ್ಯಾನಿಕ್ ಅಂಗಡಿಗೆ ಹೋದೆ. ಸ್ಟೂಲು ಒರೆಸಿ ಕೊಟ್ಟರು, ಟೀ ತರಿಸಿದರು. ಪಟ್ಟಿ ಸಡಿಲ ಇರಲಿಲ್ಲ, ಬಿಚ್ಚಿ ನೋಡಿದೆ ಅಂದೆ. ಅವರು ಕಾರ್ಬುರೇಟರ್ ತೊಳೆಯುತ್ತಲೇ ಇದ್ದರು. "ಇರ್ಲಿ ಬಿಡಮ್ಮಾ," ಅಂದರು. "ಅಣ್ಣಂಗೆ ಕಾಲು ಹೋಗಿದೆ. ನಂಗೆ ಹೋಗಿರೋದು ಗಿರಾಕಿ."

ಹಾಗಾದರೆ ಪಟ್ಟಿ ಸುತ್ತಿದ ದಿನ ಬ್ಲೇಡಿನಲ್ಲಿ ಕೆರೆದದ್ದು ಏನು ಅಂತ ಕೇಳಿದೆ. ಅವರು ಕೈ ಒರೆಸಿಕೊಂಡರು.

"ಚಪ್ಪಲಿ ರಬ್ಬರ್ ಕರಗಿ ಹತ್ತಿದೆ ಅಂದ್ರು ಅಣ್ಣ. ಹಂಗೇ ಇರ್ಬೇಕು ಅಂದ್ಕೊಂಡೆ." ಒರೆಸಿದ ಬಟ್ಟೆ ಪಕ್ಕಕ್ಕಿಟ್ಟು ಅಂದರು, "ರಬ್ಬರ್ ಕೆರೆದ್ರೆ ಉಂಡೆ ಉಂಡೆ ಬರ್ತದೆ ಅಮ್ಮಾ. ಅದು ಹಪ್ಪಳದ ಹಂಗೆ ಎದ್ದು ಬಂತು. ಅಣ್ಣನ ಮುಖ ನೋಡ್ದೆ. ಅವರು ನಿಮ್ಮ ಕಡೆ ನೋಡ್ತಿದ್ರು."

ಟೀ ಆರಿತ್ತು. ಕುಡಿದೆ.

ಹೀಗೆ ನೋಡಿ: ಸುಟ್ಟದ್ದು ಮೊದಲು, ಪಟ್ಟಿ ಆಮೇಲೆ. ಕಾಲುಚೀಲವೂ ಪಟ್ಟಿಗಿಂತ ಮೊದಲು. ಕಾಲು ಕಾದ ಕಬ್ಬಿಣದ ಮೇಲೆ ಚರ್ಮ ಬಿಟ್ಟುಬಂದರೂ ಅವನಿಗೆ ಗೊತ್ತಾಗಿರಲಿಲ್ಲ. ಗೊತ್ತಾಗಲಿಲ್ಲ ಅನ್ನುವುದು ಗೊತ್ತಾದ ಮೇಲೆ ಅವನು ಮಾಡಿದ್ದು, ಗಾಡಿಗೆ ಪಟ್ಟಿ ಸುತ್ತಿಸಿದ್ದು. ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಊಹೆ ಇದೆ, ಪುರಾವೆ ಇಲ್ಲ. ಕಾಲಿಗೆ ಸ್ಪರ್ಶ ಇಲ್ಲ ಅಂದರೆ ಗಾಡಿ ಬಿಡಿಸುತ್ತಾರೆ. ಗಾಡಿ ಬಿಟ್ಟರೆ ಆ ಮನೆಯಲ್ಲಿ ಓಡಾಡುವವನು ಅನ್ನುವ ಅವನ ಜಾಗವೂ ಹೋಗುತ್ತದೆ. ಕೊಬ್ಬರಿ ನೋಡುವವನು ಅಣ್ಣ ಇದ್ದಾನೆ; ಕೂತ ತಮ್ಮನಿಗೆ ಅಲ್ಲಿ ಏನು ಕೆಲಸ?

ಇಷ್ಟನ್ನೂ ಅಪ್ಪನ ಮುಂದೆ ಇಟ್ಟೆ. ಸಾಬರ ಮಾತು ನಂಬ್ತೀಯಾ, ನಿನ್ನ ಚಿಕ್ಕಪ್ಪನ ಮಾತು ನಂಬಲ್ವಾ ಅಂತ ರೇಗಿದ. ಪಟ್ಟಿಯ ತುಂಡುಗಳನ್ನು ತೋರಿಸಿದೆ. ರೇಗುವುದನ್ನು ನಿಲ್ಲಿಸಿ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದ. ಆಮೇಲೆ ತನ್ನ ಬಲಗೈ ಎತ್ತಿ ತೋರುಬೆರಳಿನ ಉಗುರು ನೋಡಿಕೊಂಡ.

"ಹಂಗಾದ್ರೆ ನಾನು ಬಡಿದು ನೋಡಿದ್ನಲ್ಲಾ, ಅದು ಏನು?"

ಅಪ್ಪ ಎದ್ದು ಶೆಡ್ಡಿಗೆ ಹೋದ. ಮರುದಿನ ಬಂದವರಿಗೆ ಮತ್ತೆ ಸಡಿಲ ಪಟ್ಟಿಯ ಕತೆಯನ್ನೇ ಹೇಳಿದ. ಅವನಿಗೆ ಆ ಕತೆ ಯಾಕೆ ಬೇಕು ಅಂತ ನನಗೆ ಅಂದು ಅರ್ಥವಾಯಿತು. ಆದರೆ ಒಪ್ಪುವುದಕ್ಕೆ ಆಗುವುದಿಲ್ಲ. ಅಪ್ಪನ ನೆಮ್ಮದಿಗೆ ಎಡಗಾಲನ್ನು ಕೊಡುವುದಕ್ಕೆ ಆಗುವುದಿಲ್ಲ.

ಈಗ ಚಿಕ್ಕಪ್ಪ ಜಗಲಿಯ ಮೇಲೆ ಕೂರುತ್ತಾನೆ. ಜೋಕು ಮಾಡುತ್ತಾನೆ. ಗೇರು ಎಡಗಾಲಿಗೇ ಇರುವುದು, ಬ್ರೇಕು ಕೈಯಲ್ಲಿ ಹಿಡಿದರಾಯಿತು, ಹಿಂದೆ ಎರಡು ಚಕ್ರ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೊರಡುವುದೇ ಅನ್ನುತ್ತಾನೆ. ಭಾಯಿಗೆ ಹೇಳಿ ಕೂರಿಸಿಕೊಡು ಮಗಾ ಅನ್ನುತ್ತಾನೆ. ಅಪ್ಪ ಅವರನ್ನು ಬೈದು ಬಂದದ್ದು ಇವನಿಗೆ ಗೊತ್ತು. ಗೊತ್ತಿದ್ದೂ ಅಣ್ಣನ ಮಾತನ್ನು ಒಂದು ದಿನವೂ ತಿದ್ದಲಿಲ್ಲ.

ನಿನ್ನೆ ಮಧ್ಯಾಹ್ನ ಅವನ ಎಡಗಾಲಿಗೆ ಕಾಲುಚೀಲ ಇತ್ತು. ನೆರಳಿನಲ್ಲಿ ಕೂತರೂ ಮೈ ಕುದಿಯುವ ಬಿಸಿಲು. ಯಾಕೆ ಅಂದೆ. ಚಳಿ ಕಣವ್ವ ಅಂದ. ನಾನು ಕೇಳದೆಯೇ ಕಾಲುಚೀಲ ಬಿಚ್ಚಿದೆ. ಅವನು ಬೇಡ ಅನ್ನಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಹಿಮ್ಮಡಿ ಬಿರುಕು ಬಿಟ್ಟಿತ್ತು, ಪಾದ ತಣ್ಣಗಿತ್ತು. ಬೆರಳುಗಳು ನೋಡುವುದಕ್ಕೆ ಸರಿಯಾಗೇ ಇದ್ದವು. ನೋಡುವುದರಲ್ಲಿ ನಮಗಿರುವ ಕಣ್ಣು ಎಂಥದು ಅಂತ ಈಗ ಗೊತ್ತು.

ಹೊಸ್ತಿಲ ಪಕ್ಕದಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡೆ. ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಹಾಕಿಕೋ ಅಂದೆ. ಇದೇನು ಲಾಯರಮ್ಮನ ಹೊಸ ಆಟ ಅಂದ. ಆದರೂ ಹಾಕಿಕೊಂಡ, ಕಣ್ಣು ಪೂರ್ತಿ ಮುಚ್ಚುವ ಹಾಗೆ. ಒಳಗೆ ಚಿಕ್ಕಮ್ಮನ ಪಾತ್ರೆಯ ಸದ್ದು ನಿಂತಿತು. ಬಾಗಿಲಲ್ಲಿ ಬಂದು ನಿಂತಳು ಅಂತ ಕಾಣುತ್ತದೆ, ನಾನು ತಿರುಗಿ ನೋಡಲಿಲ್ಲ. ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕಡ್ಡಿಯ ತುದಿಯನ್ನು ಒಂದು ಬೆರಳಿನ ಮೇಲಿಟ್ಟೆ. ಒತ್ತಿದೆ. ಇನ್ನಷ್ಟು ಒತ್ತಿದೆ. ಕಡ್ಡಿ ಬಾಗಿತು.

"ಚಿಕ್ಕಪ್ಪ, ಈಗ ನಾನು ಮುಟ್ಟಿರೋದು ಯಾವ ಬೆರಳು, ಹೇಳು?"